ಕೂಡ್ಲಿಗಿ ದಾರಿಯಲ್ಲಿ ಇಳಿದವಳು

ದೆವ್ವ, ಗಾಳಿ, ಸೋಂಕು ಎಂಬ ಮಾತುಗಳಿಗೆ ನಮ್ಮ ಮನೆಯಲ್ಲಿ ಜಾಗವಿರಲಿಲ್ಲ. ಕೊಟ್ಟೂರಿನ ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ ಒಂದೇ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಯಾರಾದರೂ ಅಂಥ ಕಥೆ ತೆಗೆದರೆ, ನೀವು ಕಣ್ಣಾರೆ ಕಂಡಿರೇನು ಎಂದು ಕೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನೂ ಅವನ ಮಗಳೇ. ಇಂಥ ಅನುಭವ ಬರೆದವರನ್ನು ಓದಿ ನಕ್ಕಿದ್ದೇನೆ. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ನಾನು ಓದುತ್ತಿದ್ದದ್ದು ಐದು ವರ್ಷದ ಭೂವಿಜ್ಞಾನದ ಕೋರ್ಸು. ಅದರ ನಾಲ್ಕನೆಯ ವರ್ಷವನ್ನು ಹೊರದೇಶದಲ್ಲಿ ಓದಲು ನಮ್ಮ ತರಗತಿಯಿಂದ ಇಬ್ಬರು ಆಯ್ಕೆಯಾದೆವು. ನನ್ನ ಪಾಲಿಗೆ ಬಂದದ್ದು ಜರ್ಮನಿಯ ಒಂದು ಸಣ್ಣ ಊರು. ಹೊರಡುವ ವಾರ ಅಪ್ಪನ ಡಿಪೋದವರು ನನಗೆ ಶಾಲು ಹೊದಿಸಿದರು. ಹೊಸಹಳ್ಳಿಯ ಸೋದರತ್ತೆ ಎರಡು ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ನಮ್ಮ ಓಣಿಯಲ್ಲಿ ವಿಮಾನ ಹತ್ತುವವಳು ನಾನೇ ಮೊದಲು ಎಂದು ಕಂಡವರೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ, ಸೋತರೆ ಈ ಓಣಿಗೆ ಹೇಗೆ ಕಾಲಿಡುವುದು ಎಂಬ ಹೆದರಿಕೆ ಆಗಲೇ ಶುರುವಾಗಿತ್ತು.

ಮೊದಲ ಎರಡು ತಿಂಗಳು ಹೇಗೋ ಕಳೆದವು. ನವೆಂಬರಿನಲ್ಲಿ ಒಂದು ಸೆಮಿನಾರಿಗೆ ಎದ್ದು ನಿಂತೆ. ಪ್ರೊಫೆಸರು ಒಂದು ಪ್ರಶ್ನೆ ಕೇಳಿದರು. ಅರ್ಥವಾಗಲಿಲ್ಲ. ನಿಧಾನವಾಗಿ ಇನ್ನೆರಡು ಸಲ ಕೇಳಿದರು, ಆಗಲೂ ಆಗಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮರುದಿನ ನಾನು ತರಗತಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಹೀಗೆ ಮೂರು ವಾರವಾಯಿತು. ಮನೆಗೆ ವಿಡಿಯೋ ಕಾಲ್ ಮಾಡುವಾಗ ಮಾತ್ರ ತಲೆ ಬಾಚಿ, ಮುಂದೆ ಪುಸ್ತಕ ಹರವಿಕೊಂಡು ಕೂರುತ್ತಿದ್ದೆ. ಅವ್ವ ಊಟದ ವಿಷಯ ಕೇಳುತ್ತಿದ್ದಳು, ಅಪ್ಪ ಪಾಠದ ವಿಷಯ. ಇಬ್ಬರಿಗೂ ಸುಳ್ಳು ಹೇಳುತ್ತಿದ್ದೆ.

ಆ ದಿನ ಬೆಳಿಗ್ಗೆ ವಿಶ್ವವಿದ್ಯಾಲಯದಿಂದ ಒಂದು ಮೇಲ್ ಬಂತು. ಶುಕ್ರವಾರದೊಳಗೆ ಆಫೀಸಿಗೆ ಬಂದು ಕಾಣದಿದ್ದರೆ ನನ್ನ ಹೆಸರನ್ನು ಕೋರ್ಸಿನಿಂದ ತೆಗೆಯುತ್ತಾರಂತೆ. ಹಿಂದಿನ ವಾರ ಹಳೇ ಬಟ್ಟೆಯ ಸಂತೆಯಲ್ಲಿ ಕೊಂಡಿದ್ದ ಹಸಿರು ಕೋಟನ್ನು ಅಂದೇ ಮೊದಲ ಬಾರಿಗೆ ಹಾಕಿಕೊಂಡೆ. ಎಲ್ಲಿಗೆ ಹೊರಟಿದ್ದೆನೋ ನನಗೇ ಗೊತ್ತಿರಲಿಲ್ಲ. ಹನ್ನೊಂದು ಗಂಟೆ ಆಗಿತ್ತು. ಬಾಗಿಲ ತನಕ ಹೋದವಳು ತಿರುಗಿ ಬಂದು ಮಂಚದ ಮೇಲೆ ಕೂತು, ಯಾರೂ ಇಲ್ಲದ ಕೋಣೆಯಲ್ಲಿ ಗಟ್ಟಿಯಾಗಿ ಹೇಳಿದೆ: “ಅಪ್ಪಾ, ನನ್ನ ಕೈಲಿ ಆಗವಲ್ದು.”

ಅಲ್ಲಿಂದ ಮುಂದೆ ನೆನಪಿರುವುದು ಫೋನಿನ ಸದ್ದು. ಗಡಿಯಾರ ನೋಡಿದರೆ ಹನ್ನೆರಡೂವರೆ. ಅಪ್ಪ ಒಂಬತ್ತು ಸಲ ಕರೆ ಮಾಡಿದ್ದ. ಡ್ಯೂಟಿಯ ಮೇಲಿದ್ದಾಗ ಅಪ್ಪ ಯಾರಿಗೂ ಫೋನ್ ಮಾಡುವವನಲ್ಲ.

“ಎಲ್ಲಿ ಅದಿ?” ಎಂದ.

ಕ್ಲಾಸಿನಲ್ಲಿ ಎಂದೆ. ಅಪ್ಪ ಕೇಳಿದ: “ಹಸಿರು ಕೋಟ್ ಹಾಕ್ಕೊಂಡೀಯೇನು? ಬಲಗೈಗೆ ತ್ಯಾಪಿ ಹಚ್ಚಿದ್ದು?”

ಆ ಕೋಟನ್ನು ನಾನು ಮನೆಯವರಿಗೆ ತೋರಿಸಿರಲಿಲ್ಲ. ಅದರ ಫೋಟೋ ಕೂಡ ತೆಗೆದಿರಲಿಲ್ಲ. ಮೊಣಕೈಯ ತೇಪೆಯ ಮೇಲೆ ನನ್ನ ಕೈ ತಾನಾಗಿ ಹೋಯಿತು. ಕ್ಯಾಮೆರಾ ಹಚ್ಚು ಎಂದ, ಹಚ್ಚಿದೆ. ಅಪ್ಪ ನನ್ನನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡ. ಹಿಂದೆ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು.

ಅವನು ಹೇಳಿದ್ದು ಇಷ್ಟು. ಮಧ್ಯಾಹ್ನ ಮೂರೂವರೆಗೆ, ಅಂದರೆ ನನ್ನ ಗಡಿಯಾರದ ಹನ್ನೊಂದಕ್ಕೆ, ಕೊಟ್ಟೂರಿನಿಂದ ಕೂಡ್ಲಿಗಿಗೆ ಬಸ್ಸು ಬಿಟ್ಟಾಗ ನಾನು ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆನಂತೆ. ಅವನಿಗೆ ಆಗ ಆಶ್ಚರ್ಯವೇ ಆಗಲಿಲ್ಲ. ಕಾಲೇಜಿನಿಂದ ಬಂದಿದ್ದಾಳೆ ಎಂದುಕೊಂಡು, ಯಾವಾಗ ಬಂದಿ ಯವ್ವಾ ಎಂದು ಕೇಳಿದನಂತೆ. ಕಿಟಕಿಯ ಪಕ್ಕದವಳು, ನನ್ನ ಕೈಲಿ ಆಗವಲ್ದು ಅಪ್ಪಾ ಎಂದಳಂತೆ. ಬಸ್ಸು ತುಂಬಿತ್ತು, ಅವನು ಮುಂದಿನವರಿಗೆ ಟಿಕೆಟ್ ಕೊಡಲು ಹೋದ. ಊರು ಮನೆ ಏನೂ ಇಲ್ಲದ ಕಡೆ ಅವಳು ಎದ್ದು ಬಂದು ಇಳಿಯುತ್ತೇನೆ ಎಂದಳು. ಅವನೇ ಸೀಟಿ ಊದಿ ಇಳಿಸಿದ. ಬಸ್ಸು ಎರಡು ಫರ್ಲಾಂಗು ಹೋದ ಮೇಲೆ ಮಗಳು ಜರ್ಮನಿಯಲ್ಲಿದ್ದಾಳೆ ಎಂಬುದು ಅವನಿಗೆ ನೆನಪಾಯಿತು. ಬಸ್ಸು ನಿಲ್ಲಿಸಿ ಹಿಂದಕ್ಕೆ ಓಡಿದ. ಎರಡೂ ಕಡೆ ಕೊಯ್ದ ಶೇಂಗಾ ಹೊಲ. ಮರೆಯಾಗಲು ಒಂದು ಗಿಡವೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ.

ಬಿಸಿಲಿಗೆ ಕಣ್ಣು ಮಂಜಾಗಿರಬೇಕು ಎನ್ನುವ ಹಾಗೂ ಇರಲಿಲ್ಲ. ನನ್ನನ್ನು ಚಿಕ್ಕವಳಿದ್ದಾಗಿನಿಂದ ಎತ್ತಾಡಿಸಿದ ಡ್ರೈವರ್ ಹನುಮಂತಪ್ಪ, ಅಪ್ಪ ಬಾಯಿ ತೆರೆಯುವ ಮೊದಲೇ ಕೇಳಿದ್ದ: “ಮಗಳನ್ನ ಅಡವ್ಯಾಗ ಯಾಕ ಇಳಿಸಿದಿ?”

ಇದನ್ನು ಕೇಳಿದ ಮೇಲೆ ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ. ಸೆಮಿನಾರು, ಮೂರು ವಾರ, ಮೇಲ್, ಎಲ್ಲ ಹೇಳಿ ಅತ್ತುಬಿಟ್ಟೆ. ಅಪ್ಪ ಬೈಯಲಿಲ್ಲ. “ಓದಿನ ಮಾತು ಆಮ್ಯಾಲೆ. ಉಂಡಿ ಏನು, ಅದನ್ನ ಹೇಳು” ಎಂದ. ಹಿಂದಿನ ದಿನದಿಂದ ಉಂಡಿರಲಿಲ್ಲ. ಅವನು ನೋಡುತ್ತಿರುವಂತೆಯೇ ಬ್ರೆಡ್ಡಿಗೆ ಅತ್ತೆಯ ಚಟ್ನಿಪುಡಿ ಹಚ್ಚಿಕೊಂಡು ತಿಂದೆ. ಆಮೇಲೆ, ಎದ್ದು ಆ ಆಫೀಸಿಗೆ ಹೋಗು, ನಾನು ಫೋನ್ ಇಡುವುದಿಲ್ಲ ಎಂದ. ಫೋನನ್ನು ಕಿವಿಗಿಟ್ಟುಕೊಂಡು ನಡೆದೆ. ಕಾಲ ಕೆಳಗೆ ಹಿಮ ಕರಗಿದ ಕಲ್ಲುಹಾಸು, ಕಿವಿಯಲ್ಲಿ ಹೊಸಪೇಟೆ, ಹಡಗಲಿ, ಹರಪನಹಳ್ಳಿ ಬಸ್ಸುಗಳ ಕೂಗು. ಅಪ್ಪ ನಡುನಡುವೆ ಹ್ಞೂಂ ಎನ್ನುತ್ತಿದ್ದ, ಅಷ್ಟೇ. ಆ ದಿನ ಅವನ ಮುಂದಿನ ಟ್ರಿಪ್ಪು ತಡವಾಗಿ ಹೊರಟಿತು.

ಆಫೀಸಿನ ಹೆಂಗಸು ನನ್ನನ್ನು ಕೂರಿಸಿ ನೀರು ಕೊಟ್ಟಳು. ಎರಡು ವಿಷಯ ಕೈಬಿಡಲು, ಉಳಿದವನ್ನು ತಡವಾಗಿ ಬರೆಯಲು ಅನುಮತಿ ಸಿಕ್ಕಿತು. ಸಾಧಾರಣ ಅಂಕಗಳಲ್ಲಿ ಆ ವರ್ಷ ಮುಗಿಸಿದೆ. ಈಗ ಅಂತರ್ಜಲದ ಕೆಲಸದಲ್ಲಿದ್ದೇನೆ.

ಊರಿಗೆ ಬಂದ ಮೇಲೆ ಗೊತ್ತಾಯಿತು, ಅಪ್ಪ ಆ ರೂಟು ಬಿಟ್ಟು ಹಡಗಲಿ ಕಡೆಗೆ ಹಾಕಿಸಿಕೊಂಡಿದ್ದ. ಅದಕ್ಕೂ ಮುಂಚೆ ಎರಡು ತಿಂಗಳು, ನನ್ನನ್ನು ಹೋಲುವ ಹುಡುಗಿ ಯಾರಾದರೂ ಹತ್ತುತ್ತಾಳೋ ಎಂದು ದಿನವೂ ನೋಡಿದನಂತೆ. ಯಾರೂ ಹತ್ತಲಿಲ್ಲ. ಒಂದು ಸಂಜೆ ನಾನೇ ಆ ಮಾತು ತೆಗೆದೆ. ಯಾರೋ ಬೇರೆಯವಳಿರಬೇಕಪ್ಪಾ, ನೀನೇ ನನಗೆ ಹಾಗೆಲ್ಲ ನಂಬಬೇಡ ಎಂದು ಕಲಿಸಿದವನು ಎಂದೆ.

ಅಪ್ಪ ತನ್ನ ಕೈಗಳನ್ನು ನೋಡಿಕೊಂಡ. “ಅಕಿ ಯಾರಂತ ನಾ ಹೇಳಂಗಿಲ್ಲ” ಎಂದ. “ಆದ್ರ ಇಳೀತೀನಿ ಅಂದಾಗ ನಾನ ಸೀಟಿ ಊದಿದೆ. ಕೈ ಹಿಡಿದು ಕುಂದ್ರಸಬೇಕಿತ್ತು.”

ನಾನು ನಿನ್ನೆದುರಿಗೇ ಇದ್ದೇನಲ್ಲ ಎಂದೆ. ಇದ್ದೀ ಎಂದ, ಆದರೆ ಅವನ ಮುಖ ಸಮಾಧಾನವಾದಂತೆ ಕಾಣಲಿಲ್ಲ. ಕೆಲಸದ ಮೇಲೆ ಕೂಡ್ಲಿಗಿ ದಾರಿಯಲ್ಲಿ ಹೋಗುವಾಗ ನಾನೂ ಕಿಟಕಿಯಿಂದ ಹೊಲಗಳನ್ನು ನೋಡುತ್ತೇನೆ. ನಾನು ಮಂಚದ ಮೇಲಿಂದ ಎದ್ದೆ, ಉಂಡೆ, ಓದಿದೆ, ಮನೆಗೆ ಬಂದೆ. ಅಲ್ಲಿ ಇಳಿದವಳು ಎತ್ತ ಹೋದಳೋ ಇವತ್ತಿಗೂ ನನಗೆ ಗೊತ್ತಿಲ್ಲ.