ತಿಜೋರಿಯೊಳಗಿನ ಅಕ್ಷತೆ

ನಮ್ಮ ಹೋಟೆಲಿನ ಕೆಲಸದವರಿಗೆ ಬೀಗ ಹಾಕಿಕೊಳ್ಳಲು ಸ್ವಂತದ್ದೊಂದು ಬಾಗಿಲೇ ಇರದಿದ್ದ ದಿನಗಳು ಅವು. ಕುಂದಾಪುರ, ಉಡುಪಿಯ ಕಡೆಯಿಂದ ಬಂದವರು ಮುಂಬಯಿಯ ಪರೇಲಿನ ನಮ್ಮ ಹೋಟೆಲಿನಲ್ಲೇ ದುಡಿದು, ಅಲ್ಲೇ ಉಂಡು, ಶಟರ್ ಎಳೆದ ಮೇಲೆ ಮೇಜುಗಳನ್ನು ಜೋಡಿಸಿಕೊಂಡು ಅಲ್ಲೇ ಮಲಗುತ್ತಿದ್ದರು. ಅವರ ಅಂಗಿ ಪಂಚೆಗಳು ಗೋಡೆಯ ಮೊಳೆಗೆ, ಜೋಪಾನ ಮಾಡಬೇಕಾದದ್ದೆಲ್ಲ ಅಪ್ಪನ ತಿಜೋರಿಗೆ. ಶಾಲೆಯ ಸರ್ಟಿಫಿಕೇಟು, ಜಾಗದ ಕಾಗದ, ತೀರಿಹೋದ ತಾಯಿಯ ಮೂಗುತಿ, ಯಾವುದೋ ಹುಡುಗಿಯ ಫೋಟೋ, ಎಲ್ಲವೂ ಬಟ್ಟೆಯ ಚೀಲಗಳಲ್ಲಿ ಅದರ ಹೊಟ್ಟೆ ಸೇರುತ್ತಿದ್ದವು. ರಶೀದಿ ಗಿಶೀದಿ ಏನಿಲ್ಲ. ಚೀಲದ ಮೇಲೆ ಇಂಕಿನಲ್ಲಿ ಹೆಸರು ಬರೆಯುವುದು ನನ್ನ ಕೆಲಸ. ಆಗ ನನಗೆ ಒಂಬತ್ತು ವರ್ಷ. ನನ್ನಷ್ಟು ದುಂಡಗೆ ಕನ್ನಡ ಬರೆಯುವವರು ಇಡೀ ಪರೇಲಿನಲ್ಲಿಲ್ಲ ಎಂದು ನಂಬಿಕೊಂಡಿದ್ದೆ.

ತಿಜೋರಿ ಅಜ್ಜನ ಕಾಲದ್ದು. ಯಾವುದೋ ಮಿಲ್ಲಿನ ಆಫೀಸು ಮುಚ್ಚಿದಾಗ ಅಜ್ಜ ಹಟ ಮಾಡಿ ಕೊಂಡ ವಿಲಾಯತಿ ಮಾಲು. ಎಂಟು ಹಮಾಲರು ಅದನ್ನು ಒಳಗೆ ತಂದ ದಿನ ಒಡೆದ ಹಾಸುಬಿಲ್ಲೆಗಳು ಕಡೆತನಕ ಹಾಗೇ ಇದ್ದವು. ನನಗಿಂತ ಎತ್ತರ, ಕಪ್ಪು ಮೈ, ಹಿತ್ತಾಳೆಯ ಹಿಡಿ, ಬೀಗದ ತೂತಿಗೊಂದು ಪುಟ್ಟ ಹಿತ್ತಾಳೆಯ ಮುಚ್ಚಳ. ಮಳೆಗಾಲದಲ್ಲಿ ಅದು ಬೆವರುತ್ತಿತ್ತು. ಸಮುದ್ರದ ಗಾಳಿಗೆ ತುಕ್ಕು ಹಿಡಿಯಬಾರದೆಂದು ಅಪ್ಪ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದ್ದೇ ಒರೆಸಿದ್ದು. ಕೀಲಿಯೋ, ಇದ್ದದ್ದು ಒಂದೇ. ಅದರಂಥದ್ದನ್ನು ಮಾಡಿಕೊಡುವವರು ಮುಂಬಯಿಯಲ್ಲಿ ಸಿಗಲಿಲ್ಲ. ಹಾಗಾಗಿ ಅದು ಅಪ್ಪನ ಜನಿವಾರದಲ್ಲಿ ನೇತಾಡುತ್ತಿತ್ತು, ಅವರು ಬಗ್ಗಿದಾಗಲೆಲ್ಲ ಅಂಗಿಯ ಗುಂಡಿಗೆ ತಾಗಿ ಸದ್ದು ಮಾಡುತ್ತಿತ್ತು. ಚೋರ್ ಬಜಾರಿನ ಹಳೆ ಸಾಮಾನಿನ ಒಬ್ಬ ವ್ಯಾಪಾರಿ ವರ್ಷಕ್ಕೆರಡು ಸಲ ಬಂದು, ಹಿತ್ತಾಳೆಯನ್ನು ನೇವರಿಸಿ, ಇಂಥ ಬೀಗ ಈಗ ಎಲ್ಲಿದೆ ಸೇಟ್ ಎಂದು ರೇಟು ಹೇಳುತ್ತಿದ್ದ. ಅಪ್ಪ ಪೂರ್ತಿ ಕೇಳಿಸಿಕೊಂಡು ಅವನಿಗೆ ಇನ್ನೊಂದು ಕಾಫಿ ತರಿಸುತ್ತಿದ್ದರು.

ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದವರು ವಾಸಣ್ಣ. ಬಿಸಿಗೆ ಕೈಯ ರೋಮವೆಲ್ಲ ಸುಟ್ಟುಹೋಗಿತ್ತು. ಊರಲ್ಲಿ ಅವರಿಗೊಬ್ಬಳು ಮಗಳು, ಹೆಸರು ಸುಮತಿ. ಅವಳು ಹುಟ್ಟಿದಾಗಿನಿಂದ ವಾಸಣ್ಣ ಪ್ರತಿ ದೀಪಾವಳಿಗೂ ಒಂದೆರಡು ಬಂಗಾರದ ಗುಂಡು ಕೊಂಡು ಚೀಲಕ್ಕೆ ಸೇರಿಸುತ್ತಿದ್ದರು. ಮದುವೆಯ ಹೊತ್ತಿಗೆ ಊರಿನ ಅಕ್ಕಸಾಲಿ ಅವನ್ನೆಲ್ಲ ಪೋಣಿಸಿ ಸರ ಮಾಡಿಕೊಡಬೇಕು. ಚೀಲಕ್ಕೆ ಹಾಕುವ ಮೊದಲು ಹೊಸ ಗುಂಡನ್ನು ನನ್ನ ಅಂಗೈಯಲ್ಲಿಟ್ಟು ತೋರಿಸುತ್ತಿದ್ದರು. ಕಂಡೇ ಇರದ ಸುಮತಿಯ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿತ್ತು, ಅದಕ್ಕಿಂತ ಜಾಸ್ತಿ ಪ್ರೀತಿಯಿತ್ತು.

ಆ ವರ್ಷ ತುಳಸಿ ಪೂಜೆ ಕಳೆದ ಮೇಲೆ ಅವಳ ಮದುವೆ. ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಎಂದಿನಂತೆ ಎಲ್ಲರೂ ತಿಜೋರಿಯ ಮುಂದೆ ಸೇರಿದರು. ಚೀಲಗಳನ್ನು ಹೊರತೆಗೆದು, ಒರೆಸಿ, ಮತ್ತೆ ಒಳಗಿಟ್ಟು, ಬೀಗ ಹಾಕಿ ಪೂಜೆ. ಊದುಬತ್ತಿ, ಕರ್ಪೂರ, ಒಳಗಿನಿಂದ ಅವಲಕ್ಕಿ ಪಾಯಸದ ಘಮ. ಅಜ್ಜಿ ಬೀಗದ ಸುತ್ತ ಗಂಧ ಕುಂಕುಮ ಮೆತ್ತಿ ಅಕ್ಷತೆ ಎಸೆದರು. ಕಾಳುಗಳು ಮುಚ್ಚಿದ ಬಾಗಿಲಿಗೆ ಬಡಿದು ನೆಲಕ್ಕೆ ಬಿದ್ದವು. ಲಕ್ಷ್ಮಿ ಒಳಗಿದ್ದಾಳೆ, ಅಕ್ಷತೆ ಹೊರಗೆ ಬಿದ್ದಿದೆ. ಇದು ನನಗೆ ಯಾವತ್ತೂ ಸರಿಕಾಣುತ್ತಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಕದ್ದು ಒಂದೆರಡು ಕಾಳನ್ನು ಬೀಗದ ತೂತಿನಿಂದ ಒಳಗೆ ತಳ್ಳಿದ್ದೆ. ಈ ಸಲ ಸುಮತಿಯ ಮದುವೆಯಲ್ಲವೇ ಎಂದು ಧಾರಾಳವಾಗಿ ಒಂದು ಮುಷ್ಟಿ ತಳ್ಳಿದೆ.

ವಾಸಣ್ಣ ಊರಿಗೆ ಹೊರಡುವ ದಿನ ಬಂತು. ನಾಲ್ಕು ಗಂಟೆಗೆ ಬಸ್ಸು. ಪೂಜೆಯಾದ ಮೇಲೆ ಮೊದಲ ಸಲ, ಬೆಳಿಗ್ಗೆ ಹತ್ತಕ್ಕೆ, ಅಪ್ಪ ಕೀಲಿ ಹಾಕಿದರೆ ಅದು ಅರ್ಧಕ್ಕೆ ನಿಂತಿತು. ಅಜ್ಜಿಯ ಸಲಹೆಯಂತೆ ಕೊಬ್ಬರಿ ಎಣ್ಣೆ ಬಿಟ್ಟರು, ಅದು ಇನ್ನಷ್ಟು ಬಿಗಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಯೂಸುಫ್ ಚಾಚಾ ಬಂದರು. ಬೀಗ ರಿಪೇರಿಯಲ್ಲಿ ಕೂದಲು ಹಣ್ಣಾದವರು. ತಂತಿ ತೂರಿಸಿ, ಬಾಗಿಲಿಗೆ ಕಿವಿಯಿಟ್ಟು, ಒಳಗಿನ ಅಚ್ಚು ಮುರಿದಿರಬೇಕು, ಕೊರೆಯುವುದೊಂದೇ ದಾರಿ, ಕೊರೆದರೆ ಈ ಬೀಗ ಮತ್ತೆ ಬೀಗವಾಗುವುದಿಲ್ಲ ಎಂದರು. ಆಮೇಲೆ ಇದನ್ನು ಗುಜರಿಗೆ ಹಾಕಬೇಕು ಸೇಟ್ ಎಂದೂ ಹೇಳಿದರು.

ಅಪ್ಪ ತಿಜೋರಿಯ ಮೇಲೆ ಕೈಯಿಟ್ಟು ನಿಂತರು. ಅಜ್ಜನದೆಂದು ನಮ್ಮಲ್ಲಿ ಉಳಿದಿದ್ದದ್ದು ಅದೊಂದೇ. ಆಮೇಲೆ ಕೊರೆಯಲು ಹೇಳಿದರು.

"ಬೇಡ ಧನಿ," ಎಂದರು ವಾಸಣ್ಣ. "ಇದನ್ನು ಹಾಳು ಮಾಡುದು ಬೇಡ. ಮದುವೆ ಏನು ನಿಲ್ಲುದಿಲ್ಲ. ಅವಳ ಕೊರಳಿಗೆ ಹೂವಿನ ಮಾಲೆ ಉಂಟಲ್ಲ, ಸಾಕು."

"ಎಂಥ ಮಾತು ಆಡ್ತಿ ವಾಸು? ನಂಬಿ ನನ್ನ ಹತ್ರ ಕೊಟ್ಟದ್ದು ನೀನು. ಕಬ್ಬಿಣ ಹೋದ್ರೆ ಹೋಗ್ಲಿ."

ವಾಸಣ್ಣ ತಲೆ ತಗ್ಗಿಸಿ ರೋಮ ಸುಟ್ಟ ಕೈಗಳನ್ನು ಉಜ್ಜಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಅಜ್ಜಿಯ ಸೆರಗಿನ ಹಿಂದೆ ಅಡಗಿ ನಿಂತಿದ್ದ ನನಗೆ ಇನ್ನು ತಡೆಯಲಾಗಲಿಲ್ಲ. ಬಿಕ್ಕುತ್ತಲೇ ಹೇಳಿದೆ.

"ಅಪ್ಪಾ, ಮುರಿದಿಲ್ಲ. ಒಳಗೆ ಅಕ್ಷತೆ ಉಂಟು. ನಾನೇ ಹಾಕಿದ್ದು, ಸುಮತಿಗಂತ."

ಅಪ್ಪ ಹೊಡೆಯುತ್ತಾರೆಂದು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಅಪ್ಪ ಹಿಂದಿಯಲ್ಲಿ ಚಾಚಾನಿಗೆ ಅಕ್ಷತೆ ಎಂದರೇನೆಂದು ವಿವರಿಸಲು ಒದ್ದಾಡುತ್ತಿದ್ದರು. ಚಾಚಾ ಡ್ರಿಲ್ ಕೆಳಗಿಟ್ಟು ಹಳೆಯ ಛತ್ರಿಯ ಕಡ್ಡಿಯೊಂದನ್ನು ಕೇಳಿದರು. ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಟಾರ್ಚು ಹಿಡಿಸಿಕೊಂಡು, ಒಂದೊಂದೇ ಕಾಳನ್ನು ಎಳೆಯತೊಡಗಿದರು. ಎಣ್ಣೆ ಕುಡಿದು ಕುಂಕುಮಕ್ಕೆ ಅಂಟಿಕೊಂಡ ಹಳದಿ ಅಕ್ಕಿ. ಇಷ್ಟು ವರ್ಷಗಳಲ್ಲಿ ಬೀಗದೊಳಗೆ ಮುರಿದ ಕೀಲಿ, ಬೆಂಕಿಕಡ್ಡಿ ಎಲ್ಲ ಕಂಡಿದ್ದರಂತೆ, ದೇವರ ಅಕ್ಕಿ ಇದೇ ಮೊದಲಂತೆ. ಪೂಜೆಯದ್ದೆಂದು ಗೊತ್ತಾದ ಮೇಲೆ ಅವರು ಒಂದು ಕಾಳನ್ನೂ ನೆಲಕ್ಕೆ ಹಾಕಲಿಲ್ಲ. ಚಹಾದ ಸಾಸರ್ ತರಿಸಿ ಅದರಲ್ಲಿ ಹಾಕಿದರು.

ಮೂರು ಗಂಟೆ ದಾಟಿದ ಮೇಲೆ ಕೀಲಿ ತಿರುಗಿತು. ವಾಸಣ್ಣ ಚೀಲ ತೆಗೆದುಕೊಂಡು ಸೊಂಟಕ್ಕೆ ಕಟ್ಟಿಕೊಂಡರು, ಅಪ್ಪನ ಕಾಲು ಮುಟ್ಟಿದರು. ಹೊರಟವರು ಬಾಗಿಲ ಬಳಿಯಿಂದ ತಿರುಗಿ ಬಂದು ಸಾಸರಿನ ಅಕ್ಕಿಯನ್ನು ಕಾಗದದಲ್ಲಿ ಕಟ್ಟಿಕೊಂಡರು.

"ಮಗಳೇ, ಇದು ನೀನು ಸುಮತಿಗಂತಲೇ ಹಾಕಿದ್ದಲ್ವಾ? ಧಾರೆಯ ಹೊತ್ತಿಗೆ ಅವಳ ತಲೆಗೆ ಹಾಕ್ತೇನೆ."

ಹದಿನೈದು ದಿನ ಬಿಟ್ಟು ಊರಿಂದ ಮರಳಿದ ವಾಸಣ್ಣ ಮಾತು ಉಳಿಸಿಕೊಂಡೆ ಎಂದರು. ಖಾಲಿ ಚೀಲದಲ್ಲಿ ಮದುವೆಯ ಫೋಟೋ ಹಾಕಿ, ತಿಜೋರಿಯಲ್ಲಿಡಲು ಅಪ್ಪನ ಕೈಗೆ ಕೊಟ್ಟರು.

ಈಗ ಪರೇಲಿನ ಆ ಜಾಗದಲ್ಲಿ ಗಾಜಿನ ಟವರ್ ನಿಂತಿದೆ. ಅಪ್ಪನೂ ಇಲ್ಲ, ವಾಸಣ್ಣನೂ ಇಲ್ಲ. ನಾನಿರುವುದು ಘಾಟ್ಕೋಪರಿನಲ್ಲಿ, ಹನ್ನೊಂದನೇ ಮಹಡಿಯಲ್ಲಿ. ಅಷ್ಟು ಭಾರ ಮೇಲೆ ತರಕೂಡದೆಂದು ಕಟ್ಟಡದ ಸೊಸೈಟಿಯವರು ತಡೆದದ್ದರಿಂದ ತಿಜೋರಿ ಕೆಳಗೆ ಮೀಟರ್ ರೂಮಿನ ಪಕ್ಕದಲ್ಲಿದೆ. ಅದನ್ನು ತೆಗೆಸಿ ಎಂದು ಸೆಕ್ರೆಟರಿ ಆಗಾಗ ಚೀಟಿ ಕಳಿಸುತ್ತಾರೆ. ಮೂಲ ಕೀಲಿ, ಕೊರೆಯದ ಬೀಗ, ಬಾಯಿಗೆ ಬಂದಷ್ಟು ಕೇಳಿ ಎನ್ನುತ್ತಾನೆ ಚೋರ್ ಬಜಾರಿನ ಆ ವ್ಯಾಪಾರಿಯ ಮಗ. ನಾನೂ ಅವನಿಗೆ ಕಾಫಿ ಕೊಟ್ಟು ಕಳಿಸುತ್ತೇನೆ. ಊರಿಂದ ಕೆಲಸಕ್ಕೆ ಬರುವವರಿಗೆಲ್ಲ ಈಗ ಬ್ಯಾಂಕಿದೆ, ಕಾಗದಗಳೆಲ್ಲ ಮೊಬೈಲಿನಲ್ಲಿವೆ. ಒಳ್ಳೆಯದೇ ಆಯಿತು. ಆದರೂ ಇದನ್ನು ಇಟ್ಟುಕೊಂಡಿರಿ ಎಂದು ಯಾರಾದರೂ ನನ್ನ ಕೈಗೆ ಏನನ್ನಾದರೂ ಕೊಟ್ಟು ಎಷ್ಟು ವರ್ಷವಾಯಿತು ಎಂದು ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ.

ದೀಪಾವಳಿಗೆ ಕೆಳಗಿಳಿದು ಪೂಜೆ ಮಾಡುತ್ತೇನೆ. ಬೀಗದ ಮುಚ್ಚಳ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ, ಅಕ್ಷತೆಯನ್ನು ಹೊರಗೇ ಹಾಕುತ್ತೇನೆ. ಕೀಲಿ ಸಲೀಸಾಗಿ ತಿರುಗುತ್ತದೆ. ನಾಲ್ಕು ಗಂಟೆಯ ಬಸ್ಸಿಗೆ ಮೊದಲು ಅದು ತೆರೆಯಬೇಕೆಂದು ಕಾಯುವವರು ಮಾತ್ರ ಯಾರೂ ಇಲ್ಲ.