ದೇವಿ ಬಂದಿಲ್ಲ, ಮಗಳು ಹೆದರಿದ್ದಾಳೆ

ಹೋದ ವರ್ಷ ಶ್ರಾವಣದ ಕೊನೆಯ ಮಂಗಳವಾರ. ದೇವದುರ್ಗದ ಹತ್ತಿರ ನನ್ನ ಗಂಡನ ಊರಿನಲ್ಲಿ ದೇವಿಗೆ ಉಡಿ ತುಂಬುವ ಕಾರ್ಯವಿತ್ತು. ನಾನು ಮಾನ್ವಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಭತ್ತದ ಗದ್ದೆಯಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವರ ಮಗಳು. ನನಗಿರುವವಳು ಒಬ್ಬಳೇ, ಆರು ವರ್ಷದ ಭಾಗ್ಯ.

ಭಾಗ್ಯಳಿಗೆ ಮಾತು ಕಡಿಮೆ. ಖುಷಿಯಾದರೆ ಎರಡೂ ಕೈ ಪಟಪಟ ಆಡಿಸುತ್ತಾಳೆ. ಹೆದರಿದರೆ ಕೂತಲ್ಲೇ ಹಿಂದೆ ಮುಂದೆ ತೂಗುತ್ತ ‘ಹೂಂ’ ಎಂದು ಒಂದೇ ರಾಗ ಎಳೆಯುತ್ತಾಳೆ. ನಾನೂ ಏನು ಸಾಚಾ ಅಲ್ಲ ಬಿಡಿ. ಮಂದಿ ನೋಡುತ್ತಾರೆಂದು ನಾಚಿಕೆಪಟ್ಟು ಆ ಕೈಗಳ ಮೇಲೆ ಹೊಡೆದಿದ್ದೇನೆ. ಒಮ್ಮೆ ಬಸ್ಸಿನಲ್ಲಿ ಸೆರಗಿನಿಂದ ಕಟ್ಟಿಯೂ ಬಿಟ್ಟಿದ್ದೆ. ಆಗ ಕೂಸು ತಲೆಯನ್ನು ಸೀಟಿಗೆ ಬಡಿದುಕೊಳ್ಳತೊಡಗಿತು.

ರಾಯಚೂರಿನ ಮಕ್ಕಳ ಡಾಕ್ಟರಮ್ಮ ಇದನ್ನು ಕೇಳಿ ನನ್ನನ್ನು ಸರಿಯಾಗಿ ಬೈದರು. ಕೈ ಆಡಿಸುವುದಕ್ಕೆ, ತೂಗುವುದಕ್ಕೆ ಒಂದೇ ಕಾರಣ ಅಂತ ಇರುವುದಿಲ್ಲ, ಸಂತೋಷ ಉಕ್ಕಿದರೂ ಮಕ್ಕಳು ಹೀಗೆ ಮಾಡುತ್ತಾರೆ, ಸಪ್ಪಳ, ಗದ್ದಲ, ಬೆಳಕು ತಡೆಯಲಾಗದಿದ್ದರೂ ಮಾಡುತ್ತಾರೆ, ಬೇಸರವಾದರೂ, ಎಲ್ಲೋ ನೋವಿದ್ದು ಹೇಳಲು ಬಾರದಿದ್ದರೂ ಮಾಡುತ್ತಾರೆ, ಮೈ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವ ದಾರಿ ಅದು ಎಂದರು. “ಕೈ ಹಿಡೀಬ್ಯಾಡ್ರಿ. ಯಾಕ ಆಡಾಕತ್ತಾವು ಅಂತ ಮೊದಲು ಸುತ್ತ ನೋಡ್ರಿ” ಅಂದರು.

ಆ ಮಂಗಳವಾರ ಮಗಳನ್ನು ಗಂಡನ ಹತ್ತಿರ ಬಿಟ್ಟು ನಾನು ಅಡುಗೆಮನೆಗೆ ಹೋಗಿದ್ದೆ. ಹೊರಗೆ ಹಲಿಗೆ ಬಾರಿಸುವುದು ಶುರುವಾಯಿತು. ಆಮೇಲೆ ಅದರ ಪೆಟ್ಟು ಏರುತ್ತ ಹೋದದ್ದು ಕೇಳಿ ಓಡಿಬಂದು ನೋಡಿದರೆ ಭಾಗ್ಯ ಅಂಗಳದ ನಡುವೆ ಕಿವಿ ಮುಚ್ಚಿಕೊಂಡು ತೂಗುತ್ತಿದ್ದಳು. ಹಣೆತುಂಬ ಅರಿಶಿನದ ಭಂಡಾರ ಬಳಿದಿದ್ದರು, ಮುಖಕ್ಕೆ ಲೋಬಾನದ ಹೊಗೆ ಹಿಡಿದಿದ್ದರು. ನಮ್ಮ ಅತ್ತೆಯ ಅಕ್ಕ, ಊರಿಗೆಲ್ಲ ಹಿರಿಯಳು, ಕೂಸಿನ ಮೈ ತುಂಬಿದೆ, ದೇವಿ ಬಂದಿದ್ದಾಳೆ ಎಂದು ಸಾರಿಬಿಟ್ಟಿದ್ದಳು. ದೇವಿ ಬಂದಳೆಂದರೆ ಹಲಿಗೆಯ ಪೆಟ್ಟು ಏರಬೇಕು, ಅದು ನಮ್ಮಲ್ಲಿ ಪದ್ಧತಿ. ಅವರು ಬಡಿದಷ್ಟೂ ಇವಳು ತೂಗುವುದು ಜಾಸ್ತಿ, ಇವಳು ತೂಗಿದಷ್ಟೂ ಅವರು ಬಡಿಯುವುದು ಜಾಸ್ತಿ. ಒಬ್ಬಾಕೆ ಕಾಲು ಹಿಡಿದು ಸೊಸೆ ಯಾವಾಗ ಹೆರುತ್ತಾಳೆ ಹೇಳು ತಾಯಿ ಎಂದು ಕೇಳುತ್ತಿದ್ದಳು. ನೀರು ಬೇಕು ಅಂತ ಕೇಳಲೂ ಬಾರದ ನನ್ನ ಮಗಳು ಇವರಿಗೆ ಭವಿಷ್ಯ ಹೇಳಬೇಕಂತೆ!

“ಇನ್ ಮ್ಯಾಲ ಸಾಲಿ ಬಿಡಸ್ರಿ. ಮಂಗಳವಾರಕ್ಕೊಮ್ಮಿ ಗುಡ್ಯಾಗ ಕೂಡಸ್ರಿ. ದೇವಿ ಈ ಕೂಸಿನ್ನ ಆರಿಸ್ಯಾಳ” ಎಂದಳು ದೊಡ್ಡತ್ತೆ. ಅತ್ತೆ ಆಗಲೇ ಕೈ ಮುಗಿದಿದ್ದರು. ನನ್ನ ಗಂಡ ನೆಲ ನೋಡುತ್ತಿದ್ದ.

ನನಗೆ ಮೈಯೆಲ್ಲ ಉರಿಯಿತು. ನಡುವೆ ನುಗ್ಗಿ ಹಲಿಗೆಯ ಕೋಲು ಕಸಿದುಕೊಂಡೆ. ಬಾರಿಸುವವರದೇನೂ ತಪ್ಪಿರಲಿಲ್ಲ, ಪಾಪ, ಬೆಚ್ಚಿಬಿದ್ದರು. ಮಗಳನ್ನು ಎತ್ತಿ ಎದೆಗೊತ್ತಿಕೊಂಡು ನಿಂತೆ. ಹಲಿಗೆ ನಿಂತಿತ್ತು. ಸ್ವಲ್ಪ ಹೊತ್ತಿಗೆ ತೂಗುವುದು ಕಡಿಮೆಯಾಯಿತು.

“ನೋಡ್ರಿ ದೊಡ್ಡತ್ತಿ, ಹಲಿಗಿ ನಿಂತ್ರ ಹೋಗೋ ದೇವಿ ಯಾವಾಕಿ? ನನ್ನ ಮಗಳು ಅಂಜ್ಯಾಳ, ಅಷ್ಟ.”

ದೇವಿ ಸಿಟ್ಟಾದರೆ ಮನೆ ಉಳಿಯುವುದಿಲ್ಲ ಎಂದು ಆಕೆ ಹೆದರಿಸಿದಳು.

“ಆಗ್ಲಿ. ದೇವಿ ಸಿಟ್ಟು ನಾ ತಡಕೋತೀನ್ರಿ. ಈ ಸಪ್ಪಳ ನನ್ನ ಮಗಳಿಗಿ ತಡಿಯಾಕಾಗಂಗಿಲ್ಲ” ಎಂದು ಉಣ್ಣದೇ ಹೊರಟುಬಿಟ್ಟೆ. ಬಸ್ ನಿಲ್ದಾಣಕ್ಕೆ ಬಂದು ತಿರುಗಿ ನೋಡಿದರೆ ಗಂಡ ಹಿಂದೆಯೇ ಬರುತ್ತಿದ್ದ, ಮಗಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ನನಗಿನ್ನೂ ಸಿಟ್ಟಿತ್ತು, ಮಾತಾಡಿಸಲಿಲ್ಲ.

ಮರುದಿನ ಭಾಗ್ಯ ಎಂದಿನಂತೆ ಶಾಲೆಗೆ ಹೋದಳು, ಈಗಲೂ ಹೋಗುತ್ತಿದ್ದಾಳೆ. ಅತ್ತೆ ನಾಲ್ಕು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಿದ್ದರು. ಇವತ್ತಿಗೂ ಆ ಕಡೆಯವರು ಯಾರಾದರೂ ಮಗಳ ಹತ್ತಿರ ದೇವಿಯ ಮಾತು ಕೇಳಲೆಂದು ತೆಂಗಿನಕಾಯಿ ಹಿಡಿದು ಮಾನ್ವಿಯ ನಮ್ಮ ಮನೆಗೆ ಬಂದರೆ ಚಹಾ ಕುಡಿಸಿ, ಕಾಯಿ ವಾಪಸು ಕೊಟ್ಟು ಕಳಿಸುತ್ತೇನೆ. ಸೊಕ್ಕಿನ ಹೆಣ್ಣು ಅನ್ನುತ್ತಾರೆ, ಅನ್ನಲಿ. ಮಗಳ ಕೈ ಮಗಳದ್ದು. ಅದರ ಮೇಲೆ ದೇವಿಗೂ ಹಕ್ಕಿಲ್ಲ, ಹೊಡೆದು ಕಟ್ಟಿಹಾಕಿದ ನನಗೂ ಇಲ್ಲ.