ಬೆನ್ನುಬ್ಬಿದ ನಕ್ಷತ್ರಮೀನು ಮತ್ತು ಜಾಡಿ ಅಕ್ಕ

ಬೆಳಿಗ್ಗೆ ಆರೂವರೆ. ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ದೀಪ ಹಾಕಿದೊಡನೆ ಸಾಲುಸಾಲು ಗಾಜಿನ ಜಾಡಿಗಳು ಹೊಳೆಯುತ್ತವೆ. ಒಳಗೆ ಸ್ಪಿರಿಟ್‌ನಲ್ಲಿ ಮುಳುಗಿದ ಕಡಲಾಳದ ಜೀವಿಗಳು. ನೀಲಿ ಏಪ್ರನ್ ತೊಟ್ಟ ಹೆಂಗಸೊಬ್ಬರು ಒಂದೊಂದೇ ಮುಚ್ಚಳ ತಿರುಗಿಸಿ, ಆವಿಯಾಗಿ ಇಳಿದಷ್ಟು ಸ್ಪಿರಿಟ್ ತುಂಬುತ್ತಾರೆ. ದಿನಕ್ಕೆ ಅರವತ್ತು ಜಾಡಿ. ಇರುವುದು ಒಂಬತ್ತು ಸಾವಿರ. ಕೊನೆಯದನ್ನು ಮುಟ್ಟುವ ಹೊತ್ತಿಗೆ ಮೊದಲನೆಯದು ಮತ್ತೆ ಇಳಿದಿರುತ್ತದೆ.

ಇಲ್ಲಿ ಎಲ್ಲರಿಗೂ ಇವರು ಜಾಡಿ ಅಕ್ಕ. ಹತ್ತೊಂಬತ್ತು ವರ್ಷದ ಕೆಲಸ ತಲೆನೋವನ್ನೂ ಸುಲಿದ ಬೆರಳುಗಳನ್ನೂ ಕೊಟ್ಟಿದೆ. "ಸೇರಿದ ಹೊಸತರಲ್ಲಿ ನಮ್ಮತ್ತೆ ಬಾಗಿಲಲ್ಲೇ ನಿಲ್ಲಿಸಿ ಮೂಸಿ ನೋಡ್ತಿದ್ರು, ಸೊಸೆ ಎಲ್ಲೋ ಕುಡಿದು ಬರ್ತಾಳೆ ಅಂತ," ಎಂದು ನಗುತ್ತಾರೆ.

ಹೋದ ವರ್ಷ ಜಾಗ ಸಾಲದೆ, ಕೆಟ್ಟ ಮಾದರಿಗಳನ್ನು ಎಸೆಯಲು ಆದೇಶ ಬಂತು. ಎರಡು ಸಾವಿರ ಮೀಟರ್ ಆಳದಿಂದ ಬಂದ ನಕ್ಷತ್ರಮೀನೊಂದರ ಮುಂದೆ, ಎಸೆಯುವ ಪಟ್ಟಿಯಲ್ಲಿ, 'ಊದಿದೆ, ಕೊಳೆತಿರಬೇಕು' ಎಂದು ಬರೆದಿತ್ತು. ಅಕ್ಕ ಆ ಜಾಡಿಯನ್ನು ಎದೆಗವಚಿಕೊಂಡು ವಿಜ್ಞಾನಿಯ ಕೋಣೆಗೆ ಹೋದರು.

"ಇದೇ ಜಾತಿಯವು ಇನ್ನೂ ಮೂವತ್ತೆರಡು ಇವೆ ಸಾರ್. ಯಾವುದರ ಬೆನ್ನೂ ಹೀಗೆ ಉಬ್ಬಿಲ್ಲ. ಕೊಳೆತಿದ್ರೆ ಸ್ಪಿರಿಟ್ ಕದಡಬೇಕಿತ್ತು, ತಿಳಿಯಾಗೇ ಇದೆ. ಒಂದ್ಸಲ ಕೊಯ್ದು ನೋಡಿ."

"ಆದೇಶ ಆಗಿಹೋಗಿದೆಯಲ್ಲಮ್ಮ."

"ಬರೆದೋರು ಪಟ್ಟಿ ನೋಡಿದ್ದಾರೆ. ನಾನು ಜಾಡಿ ನೋಡಿದ್ದೀನಿ."

ಮೇಲಿನವರಿಗೆ ಎದುರಾಡಿ ಕೆಲಸ ಕಳೆದುಕೊಂಡವರನ್ನು ಅಕ್ಕ ಬಲ್ಲರು.

ವಿಜ್ಞಾನಿ ಜಾಡಿಯನ್ನು ತಮ್ಮತ್ತ ಎಳೆದುಕೊಂಡು ಕತ್ತರಿ ಎತ್ತಿಕೊಂಡರು. ಈ ನಕ್ಷತ್ರಮೀನಿಗೆ ಬೆನ್ನ ಮೇಲೆ ಇನ್ನೊಂದು ತೆಳುಪೊರೆ ಇದೆ. ನಡುವಿನ ಗೂಡಿಗೆ ನೀರೆಳೆದುಕೊಂಡು ಅದು ಉಸಿರಾಡುತ್ತದೆ. ಆದರೆ ಮೊಟ್ಟೆಗಳನ್ನು ನೀರಿಗೆ ಬಿಟ್ಟು ಮರೆಯುವ ಜಾತಿ ಎಂದೇ ಎಲ್ಲರೂ ತಿಳಿದಿದ್ದರು. ಪೊರೆ ಸೀಳಿದಾಗ ಗೂಡಿನೊಳಗೆ ಹನ್ನೊಂದು ಮರಿಗಳು! ಸಾಸಿವೆಕಾಳಿನಷ್ಟೇ ಇದ್ದರೂ ಒಂದೊಂದಕ್ಕೂ ಐದೈದು ತೋಳು. ಬೆಳಕೇ ಇಳಿಯದ ಆ ಚಳಿಯಲ್ಲಿ ತಾಯಿ ಅವನ್ನು ಬೆನ್ನಲ್ಲೇ ಹೊತ್ತು ಸಾಕುತ್ತಿತ್ತು.

ಎಸೆಯುವ ಪಟ್ಟಿ ಅಲ್ಲಿಗೇ ನಿಂತಿತು. ಈಗ ಅಕ್ಕ ನೋಡದೆ ಯಾವ ಜಾಡಿಯೂ ಹೊರಹೋಗುವಂತಿಲ್ಲ. ವಿಜ್ಞಾನಿಯ ಪ್ರಬಂಧದ ಕೊನೆಯಲ್ಲಿ ಅಕ್ಕನಿಗೊಂದು ಸಾಲಿನ ಕೃತಜ್ಞತೆಯಿದೆ. ಅವರ ಮಗಳು ಅದನ್ನು, ಹಿಂದೆ ಸೊಸೆಯನ್ನು ಮೂಸಿ ನೋಡುತ್ತಿದ್ದ ಅಜ್ಜಿಗೆ ಎರಡು ಸಲ ಓದಿ ಹೇಳಿದಳು.

ಮರಿಗಳನ್ನು ಬೇರೆ ಕೋಣೆಗೆ ಒಯ್ಯಲು ಹೊರಟಾಗ ಅಕ್ಕ ಕೇಳಿದ್ದು ಒಂದೇ: "ಇಷ್ಟು ದಿನ ತಾಯಿ-ಮರಿ ಒಟ್ಟಿಗಿದ್ವಲ್ಲ ಸಾರ್, ಹಾಗೇ ಇರ್ಲಿ." ವಿಜ್ಞಾನಿ ಒಪ್ಪಿದರು. ಈಗ ಪುಟ್ಟ ಸೀಸೆಯೊಂದರಲ್ಲಿ ಮರಿಗಳು, ಆ ಸೀಸೆ ತಾಯಿಯ ಜಾಡಿಯೊಳಗೆ.

"ನನಗೆ ಒಂದರ ಬದಲು ಎರಡು ಮುಚ್ಚಳ ತೆಗೆಯೋ ಕೆಲಸ ಆಯ್ತು," ಎನ್ನುತ್ತಾ ಜಾಡಿಯನ್ನು ಬೆಳಕಿಗೆ ಹಿಡಿಯುತ್ತಾರೆ. "ತೆಗೀತೀನಿ ಬಿಡಿ."